ಎಸ್ಟೇಟ್ ಆಫೀಸಿನ ನೆಟ್ಟಿಗೆ ಬೇಲಿ

ನಮ್ಮ ಎಸ್ಟೇಟ್ ಆಫೀಸಿನ ಇಂಟರ್ನೆಟ್ಟಿಗೆ ಬೇಲಿ ಬಿದ್ದ ಮೇಲೆ ನಗುವುದಕ್ಕೆ ನಾವು ಬೇರೆಲ್ಲೂ ಹೋಗಬೇಕಾಗಿಲ್ಲ. ಹೊಂಗಡಹಳ್ಳದ ಹತ್ತಿರದ ಈ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಹಾಗಾಗಿ ಏನೇ ನಡೆದರೂ ಬೈಗುಳದ ಪಾಲು ನನಗೆ ಖಾಯಂ.

ಮೊದಲ ದಿನ

ಎಸ್ಟೇಟಿನ ಮಾಲೀಕರು, ನಮ್ಮ ಸಾಹುಕಾರ್ರು, ಹಾಸನದಿಂದ ನೆಟ್‌ವರ್ಕಿನವನನ್ನು ಕರೆಸಿ, "ಕೆಲ್ಸಕ್ಕೆ ಬಾರದ್ದೆಲ್ಲ ಬಂದ್ ಮಾಡ್ಬುಡಪ್ಪ" ಅಂದರು. ಸಂಜೆ ನೋಡಿದರೆ ಮೊದಲು ಬಂದ್ ಆಗಿದ್ದು ನಮ್ಮದೇ ಎಸ್ಟೇಟಿನ ಹೋಂಸ್ಟೇ ವೆಬ್‌ಸೈಟ್.

"ಇದೇನಯ್ಯಾ, ನಮ್ದೇ ಕೆಲ್ಸಕ್ಕೆ ಬಾರದ್ದಾ?" ಎಂದು ಸಾಹುಕಾರ್ರು ನನ್ನನ್ನು ಹಿಡಿದುಕೊಂಡರು.

"ಯಂತ್ರ ಸಾರ್, ಅದಕ್ಕೇನು ಗೊತ್ತಾಗುತ್ತೆ?" ಎಂದೆ.

ಆಳುಗಳ ಹಾಜರಿ ಬರೆಯುವ ನಮ್ಮ ರೈಟರ್ ನನ್ನ ಕಿವಿಯಲ್ಲಿ, "ಎಲ್ಲಾ ಗೊತ್ತಾಗೈತೆ ಬುಡು ಮಾರಾಯ" ಅಂದ.

ಟ್ಯಾಂಕಿನ ಮೇಲೆ

ಅಕೌಂಟ್ಸ್ ಮೇಡಂಗೆ ಮಧ್ಯಾಹ್ನದ ಧಾರಾವಾಹಿ ತಪ್ಪಬಾರದು. ಆಫೀಸಿನ ನೆಟ್ ಬಿಡದು, ಮೊಬೈಲ್ ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ. ದಿನಾ ಊಟವಾದ ಮೇಲೆ ಏಣಿ ಹತ್ತಿ ಕೂರುತ್ತಿದ್ದರು.

ಒಮ್ಮೆ ಸಾಹುಕಾರ್ರು ಕಂಡು, "ಅಲ್ಲೇನ್ ಮಾಡ್ತಿದೀರಾ ಮೇಡಂ?" ಎಂದರೆ, "ನೀರು ಎಷ್ಟೈತೆ ನೋಡ್ತಿದ್ದೆ ಸಾರ್" ಎಂದರು. ಸಾಹುಕಾರ್ರಿಗೆ ಖುಷಿ ತಡೆಯಲಾಗಲಿಲ್ಲ. ಮಾರನೇ ದಿನದಿಂದ ಟ್ಯಾಂಕ್ ತೊಳೆಸುವ ಉಸ್ತುವಾರಿಯೂ ಮೇಡಂಗೇ ಬಂತು, ಅದೂ ಸರಿಯಾಗಿ ಧಾರಾವಾಹಿಯ ಹೊತ್ತಿಗೆ.

ಕಣದ ಕ್ಯಾಮೆರಾ

ಕಾಫಿ ಒಣಗಿಸುವ ಕಣಕ್ಕೆ ಒಂದು ಕ್ಯಾಮೆರಾ ಇದೆ. ಆಳುಗಳು ಕಾಫಿ ಸಮನಾಗಿ ಒಣಗಲೆಂದು ಕೈಯಾಡಿಸುತ್ತಿದ್ದಾರೋ ಇಲ್ಲವೋ ಎಂದು ಸಾಹುಕಾರ್ರು ಎಲ್ಲಿದ್ದರೂ ಮೊಬೈಲಿನಲ್ಲಿ ನೋಡುತ್ತಾರೆ. ಆಫೀಸಿನ ನೆಟ್ಟಿನಲ್ಲಿ ಓಡುವ ವಿಡಿಯೊ ಅದೊಂದೇ.

ಕ್ರಿಕೆಟ್ ಫೈನಲ್ ಮ್ಯಾಚಿನ ದಿನ ಅವರು ಮಗ್ಗೆ ಊರಿನ ಒಂದು ಮದುವೆಗೆ ಹೊರಟರು. ಹೋಗುವಾಗ ನನಗೆ, "ಫೋನ್ ಬುಟ್ಟು ಏಳ್ಬೇಡ. ಆಫೀಸಲ್ಲಿ ಮ್ಯಾಚ್ ಕಂಡ್ರೆ ನಿನ್ ಕೆಲ್ಸ ಹೋಯ್ತು ಅಂದ್ಕೋ" ಎಂದರು. ಮನೆಯಲ್ಲಿ ಎಳೇ ಮಗು, ನನಗೆ ಹೆದರಿಕೆಯೇ ಆಯಿತು.

ರೈಟರ್ ಕೇಳಬೇಕಲ್ಲ. ಕೆಲಸದವರ ಸಾಲುಮನೆಯಾದ ಲೈನ್ ಮನೆಯಿಂದ ತನ್ನ ಟಿವಿ ಹೊತ್ತು ತಂದು, ಡಿಶ್ಶಿನ ವೈರ್ ಎಳೆದು, ಕಣದ ಪಕ್ಕದ ಸ್ಟೋರಿನ ಜಗಲಿಯಲ್ಲಿ ಕ್ಯಾಮೆರಾಕ್ಕೆ ಎದುರಾಗಿ ಇಟ್ಟುಬಿಟ್ಟ. ನಾವು ಆಫೀಸಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಕಣ ನೋಡಿದೆವು, ಕಣದಲ್ಲಿ ಮ್ಯಾಚ್ ಕಂಡಿತು.

"ಸಾಹುಕಾರ್ರು ನೋಡ್ಬುಟ್ರೆ?" ಎಂದೆ.

"ಮದ್ವೆ ಊಟ ಬುಟ್ಟು ಕಣ ಯಾರ್ ನೋಡ್ತಾರೆ ಬುಡೋ" ಎಂದ ರೈಟರ್.

ಕೊನೇ ಓವರುಗಳ ಹೊತ್ತಿಗೆ ಆಫೀಸಿನ ಲ್ಯಾಂಡ್‌ಲೈನಿಗೆ ಫೋನ್ ಬಂತು.

"ಕಣ ನೋಡ್ತಾ ಇವ್ನಿ" ಅಂದರು ಸಾಹುಕಾರ್ರು.

ನಾನು ಕುರ್ಚಿಯಿಂದ ಎದ್ದು ನಿಂತೆ. "ಸಾರ್, ಅದು..."

"ಸುಮ್ನಿರೋ. ಕೈ ತೊಳ್ಯಕ್ಕೆ ಅಂತ ಎದ್ದು ಬಂದಿವ್ನಿ. ನಮ್ಮನೆಯೋಳು ಮದ್ವೇಲಿ ಮ್ಯಾಚ್ ನೋಡಕ್ಕೆ ಬುಡ್ತಿಲ್ಲ, ಕಣ ನೋಡಿದ್ರೆ ಏನೂ ಅನ್ನಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದರು: "ಆ ಟಿವೀನ ಒಸಿ ಎಡಕ್ಕೆ ತಿರುಗ್ಸು ಮಾರಾಯ, ಸ್ಕೋರ್ ಕಾಣ್ತಿಲ್ಲ."