ಸುಣ್ಣದ ಗೆರೆ, ಕೆಂಪು ಬಟ್ಟೆ

ಮಾವನನ್ನು ಪ್ರೀತಿಯಿಂದ ಮಾತಾಡಿಸಬೇಕು ಎಂದು ಮಂಚಯ್ಯನಿಗೆ ಅನ್ನಿಸಿದ್ದೇ ತಪ್ಪಾಯಿತು. ನಾಗಮಂಗಲದ ಕಡೆಯಿಂದ ಬಂದ ಮಾವ ನರಸಯ್ಯ, ಪಾಂಡವಪುರದ ಹತ್ತಿರದ ಈ ಹಳ್ಳಿಯಲ್ಲಿ ಮಗಳ ಮನೆಯ ಜಗಲಿ ಹಿಡಿದು ತಿಂಗಳಾಗುತ್ತ ಬಂದಿತ್ತು. ಬೆಳಿಗ್ಗೆ ರೊಟ್ಟಿ ಮುರಿಯುತ್ತ ಮಂಚಯ್ಯ, "ನಿಮ್ಮೂರ್ ಕಡೆ ಮಳೆ ಉಯ್ತಂತಾ ಮಾವ?" ಎಂದ. ಅಷ್ಟೇ.

ನರಸಯ್ಯ ತಟ್ಟೆ ಬಿಟ್ಟು ಎದ್ದ. "ತಿಳೀತು ಬುಡಿ ಅಳಿಮಯ್ಯ. ಮಳೆ ಉಯ್ದದೆ, ಒಲ ಉಳಕ್ಕೆ ಓಗು ಅಂತಿದ್ದೀರಿ."

ಚೀಲ ಹೆಗಲಿಗೇರಿಸಿ, ಬಸ್ಸಿನ ರಸ್ತೆಗೆ ಅಡ್ಡದಾರಿ ಎಂದು ಊರ ಹಿಂದಿನ ಬೆಟ್ಟ ಹತ್ತಿಯೇಬಿಟ್ಟ. ಬಿಸಿಲೇರಿದ ಮೇಲೆ ರಸ್ತೆ ಕಡೆಯಿಂದ ಬಂದವರು, ಅಂಥ ಮುದುಕ ಯಾರೂ ಬೆಟ್ಟ ಇಳಿಯಲಿಲ್ಲ ಎಂದರು. ಬೆಟ್ಟದ ತುಂಬ ಬಂಡೆ, ಮುಳ್ಳು. ಚಿರತೆಯೂ ಉಂಟು. ಮುದುಕನ ಕಣ್ಣಿಗೆ ಪೊರೆ ಬೇರೆ.

"ಬಾಯಿ ಮುಚ್ಕೊಂಡು ರೊಟ್ಟಿ ತಿನ್ನಕ್ಕೆ ಏನಾಗಿತ್ತು ನಿಮ್ಗೆ?" ಎಂದು ಹೆಂಡತಿ ಮಂಗಳಮ್ಮ ಗೋಳಾಡಿದಳು. "ಅಪ್ಪನ್ನ ಕರ್ಕೊಂಡು ಬರ್ದೆ ಈ ವಸ್ಲು ತುಳೀಬ್ಯಾಡಿ."

ಮಂಚಯ್ಯ ಹೋಂಗಾರ್ಡು. ಕಾಡಿನಲ್ಲಿ ತಪ್ಪಿಸಿಕೊಂಡವರನ್ನು ಹುಡುಕುವ ತರಬೇತಿಯನ್ನು ಈಚೆಗಷ್ಟೇ ಮುಗಿಸಿ ಬಂದಿದ್ದ. ಮನುಷ್ಯನನ್ನು ಹುಡುಕಬೇಡಿ, ಅವನು ಬಿಟ್ಟುಹೋದ ಗುರುತು ಹುಡುಕಿ ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಗುರುತು ಸಿಕ್ಕರೆ ಮುಟ್ಟಬಾರದು. ಯಾರೂ ತುಳಿಯದ ಹಾಗೆ ಸುತ್ತ ಸುಣ್ಣದ ಗೆರೆ ಎಳೆದು, ಪಕ್ಕದ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ ಮುಂದೆ ಹೋಗಬೇಕು.

ಆದರೆ ಅವನ ಹಿಂದೆ ಮಂಗಳಮ್ಮನೂ ಸೇರಿ ಅರ್ಧ ಊರೇ ಹೊರಟಿತು. ಬೆಟ್ಟದ ಬುಡದಲ್ಲೇ ಟಯರ್ ಚಪ್ಪಲಿಯ ಹೆಜ್ಜೆ ಕಂಡು ಮಂಚಯ್ಯನಿಗೆ ಜೀವ ಬಂದಂತಾಯಿತು. ಸುಣ್ಣದ ಪೊಟ್ಟಣ ಬಿಚ್ಚುವಷ್ಟರಲ್ಲಿ ಪಕ್ಕದ ಮನೆ ಸೋಮಯ್ಯ ನುಗ್ಗಿ ಬಂದ.

"ಎಲ್ಲಿ ಎಜ್ಜೆ? ಎಲ್ಲಿ ತೋರ್ಸ್ಲಾ!"

"ನಿನ್ ಕಾಲ್ ಕೆಳಗೆ ಅದೆ ಕಣಣ್ಣ."

ಮುಂದೆ ಬಂಡೆಯ ಮೇಲೆ ಎಲೆಅಡಿಕೆ ಉಗುಳಿದ ಕಲೆ, ಇನ್ನೂ ಹಸಿಹಸಿ. ಮಾವ ಇಲ್ಲೇ ಎಲ್ಲೋ ಇದ್ದಾನೆ ಎಂದು ಮಂಚಯ್ಯ ಮಂಡಿಯೂರಿ ಗೆರೆ ಎಳೆದ. ಹಿಂದಿನಿಂದ ಸಿದ್ದಲಿಂಗಜ್ಜಿ, "ಅದು ನಂದು ಕಣಪ್ಪ, ಈಗ್ಲೇ ಉಗುದೆ" ಎಂದಳು.

ಮಂಚಯ್ಯ ಕೈ ಮುಗಿದು ಎಲ್ಲರನ್ನೂ ಅಲ್ಲೇ ಕೂರಿಸಿ ಒಬ್ಬನೇ ಹತ್ತಿದ. ಬಿಸಿಲು ಓರೆಯಾದಂತೆ ನೆಲಕ್ಕೆ ಕೆನ್ನೆ ತಾಗಿಸಿ ನೋಡಿದ. ಹಾಗೆ ನೋಡಿದರೆ ಸಣ್ಣ ಹೆಜ್ಜೆಯಲ್ಲೂ ನೆರಳು ನಿಂತಿರುತ್ತದೆ. ಒಂದು ಕಡೆ ಮುರಿದ ಕಡ್ಡಿ, ಇನ್ನೊಂದು ಕಡೆ ಬೀಡಿ ತುಂಡು, ಮುಳ್ಳಿಗೆ ಸಿಕ್ಕಿದ ಪಂಚೆಯ ಎಳೆ. ಊರವರು ಮತ್ತೆ ನುಗ್ಗಿಯಾರೆಂದು, ಗುರುತು ಸಿಕ್ಕ ಕಾಲುದಾರಿಗಳಿಗೆಲ್ಲ ಅಡ್ಡಲಾಗಿ ಸುಣ್ಣ ಸುರಿದು ಕೆಂಪು ಬಟ್ಟೆ ಕಟ್ಟಿದ. ಗುರುತುಗಳು ಮೊದಮೊದಲು ನೇರ ಹೋಗುತ್ತಿದ್ದವು, ಆಮೇಲೆ ಸುತ್ತತೊಡಗಿದವು. ಮಂಚಯ್ಯನಿಗೆ ಭಯವಾಯಿತು. ಮುದುಕ ಸತ್ತಿದ್ದರೆ ಕೊಂದವನು ತಾನೇ, ಅದೂ ಮಳೆಯ ಸಮಾಚಾರ ಕೇಳಿ. ಯಾರೂ ಇಲ್ಲವೆಂದು ಒಮ್ಮೆ ಅತ್ತೂಬಿಟ್ಟ.

ಹೊತ್ತು ಇಳಿಯುವಾಗ ಬಂಡೆಯೊಂದರ ಸಂದಿಯಲ್ಲಿ ನರಸಯ್ಯ ಕಂಡ. ತುಟಿ ಒಣಗಿತ್ತು. ಅಳಿಯನನ್ನು ಕಂಡದ್ದೇ ಕಿರುಚಿಕೊಂಡ.

"ಅತ್ರ ಬರ್ಬ್ಯಾಡ!"

ಕೂಗು ಕೇಳಿ ಮಂಗಳಮ್ಮನೂ ಊರವರೂ ಓಡಿ ಬಂದರು. ನರಸಯ್ಯ ಮಗಳನ್ನು ಹಿಡಿದುಕೊಂಡು, "ನಂಗೆ ಮದ್ಯಾನ್ವೇ ಕ್ವಾಪ ಇಳೀತು ಕಣವ್ವ. ನಿನ್ ಮನೆಗೇ ವಾಪಸ್ ಒಂಟೆ. ಯಾವ್ ದಾರಿ ಇಡುದ್ರೂ ಸುಣ್ಣದ ಗೆರೆ, ಕೆಂಪು ಬಟ್ಟೆ! ನಾ ಮನೆಗ್ ಬರ್ದಂಗೆ ನಿನ್ ಗಂಡ ಪೊರೆ ಕಣ್ಗೂ ಕಾಣಂಗೆ ಮಾಟ ಮಾಡವ್ನೆ. ದಾಟುದ್ರೆ ಉಳೀತಿದ್ನಾ? ದಾರಿ ಬುಟ್ಟು ಇತ್ಲಾಗೆ ಓಡ್ದೆ" ಎಂದ.

"ಅದು ಮಾಟ ಅಲ್ಲ ಮಾವ, ಗುರುತು! ತರಬೇತೀಲಿ ಏಳ್ಕೊಟ್ಟವ್ರೆ!"

"ಮಾಟ ಮಾಡಕ್ಕೂ ಸರ್ಕಾರ ತರಬೇತಿ ಕೊಡ್ತದಾ? ನಿನ್ ಮನೆ ಆಳಾಗ!" ಎಂದಳು ಸಿದ್ದಲಿಂಗಜ್ಜಿ.

ಮಂಗಳಮ್ಮ ಅಪ್ಪನ ಕೈ ಹಿಡಿದು ನಾಗಮಂಗಲದ ಬಸ್ಸಿಗೆಂದು ಬೆಟ್ಟದ ಆಚೆ ಬದಿಗೆ ಇಳಿದಳು. ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಕಣ್ಣಲ್ಲಿ ಸಿಟ್ಟಿದ್ದರೆ ಮಂಚಯ್ಯ ತಡೆದುಕೊಳ್ಳುತ್ತಿದ್ದ; ಅಲ್ಲಿ ಇದ್ದದ್ದು ಭಯ.

ಕಟ್ಟಿದವನೇ ಬಿಚ್ಚಲಿ ಎಂದು ಊರವರು ಆ ಬಟ್ಟೆಗಳಿಂದ ಮಾರು ದೂರ ಸರಿದು ಮನೆಗೆ ನಡೆದರು. ಮಬ್ಬುಗತ್ತಲಲ್ಲಿ ಮಂಚಯ್ಯ ಒಂದೊಂದೇ ಗಂಟು ಬಿಚ್ಚುತ್ತ ಇಳಿದ. ಖಾಲಿ ಮನೆ ನೆನೆದು ಎದೆ ಭಾರವಾಗಿತ್ತು.

ಪೊದೆಯ ಹಿಂದೆ ಸರಬರ ಸದ್ದಾಯಿತು. ಸೋಮಯ್ಯ. ಬೆಳಿಗ್ಗೆ 'ಲಾ' ಎಂದವನು ಈಗ ಸೊಂಟ ಬಗ್ಗಿಸಿ ನಿಂತಿದ್ದ. ಅತ್ತಿತ್ತ ನೋಡಿ ಪಿಸುಗುಟ್ಟಿದ.

"ಮಂಚಯ್ನೋರೇ, ಯುಗಾದಿಗೆ ಬಂದ ನಮ್ ಭಾಮೈದ ಇನ್ನೂವೆ ಓಗಿಲ್ಲ. ಆ ಬಟ್ಟೇಲಿ ಒಂದ್ ತುಂಡು ನಂಗೂ ಕೊಡಿ. ಸುಣ್ಣ ಮನೇಲೇ ಅದೆ."