ದೂರದಿಂದಲೇ ಮನೆ ನೋಡುವ ಅತ್ತೆ

ನಮ್ಮ ಸೋದರತ್ತೆ ಯಾವ ಮನೆಯ ಹೊಸ್ತಿಲನ್ನೂ ತುಳಿಯದೆ, ಬೀದಿಯ ತುದಿಯಲ್ಲೇ ನಿಂತು, ಅಲ್ಲಿ ಹೆಣ್ಣು ಬಾಳಬಹುದೋ ಇಲ್ಲವೋ ಹೇಳಿಬಿಡುತ್ತಾರೆ. ಇದೇ ಕೆಲಸಕ್ಕೆ ನನಗೆ ವಿಶ್ವವಿದ್ಯಾಲಯದಲ್ಲಿ ಇಷ್ಟು ವರ್ಷ ಹಿಡಿಯುತ್ತಿದೆ!

ನನ್ನದು ದೂರದ ಗ್ರಹಗಳ ಅಧ್ಯಯನ. ನಕ್ಷತ್ರದ ಬೆಳಕು ಗ್ರಹದ ಮೇಲೆ ಬಿದ್ದು ಹಿಂದಿರುಗುತ್ತದೆ. ಆ ಚೂರು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಅಲ್ಲಿ ನೀರಿದೆಯೇ, ಗಾಳಿಯಿದೆಯೇ, ಜೀವ ಉಳಿದೀತೇ ಎಂದು ಊಹಿಸಬಹುದು. ಹೋಗಿ ನೋಡಿಬರುವಂತಿಲ್ಲವಲ್ಲ! ನಮ್ಮೂರು ನ್ಯಾಮತಿಯ ಮನೆಯಲ್ಲಿ ಒಮ್ಮೆ ಇದನ್ನು ವಿವರಿಸಿದಾಗ ಅತ್ತೆ, "ಮನೆ ನೋಡಾಕೆ ಹೋದಂಗೆ ಅನ್ನು. ಅದಕ್ಕೆ ಇಷ್ಟು ಓದಬೇಕೇನೇ?" ಎಂದರು.

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಬರುವಾಗ ಬಳಗದವರೆಲ್ಲ ಅತ್ತೆಯನ್ನೇ ಕರೆದೊಯ್ಯುತ್ತಾರೆ. ಉಳಿದವರು ಒಳಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವಾಗ ಇವರು ಹೊರಗೆ ನಿಂತು ಕಿಟಕಿ, ಅಂಗಳ, ಬೋರಲು ಹಾಕಿದ ಕೊಡಗಳ ಹೊಳಪನ್ನು ಪರೀಕ್ಷಿಸುತ್ತಾರೆ. ಒಳಗೆ ಕರೆದರೆ, "ಮಂಡಿನೋವು ಕಣ್ರೀ." ಒಂದೂ ಮೆಟ್ಟಿಲಿಲ್ಲದ ಮನೆಗೂ ಮಂಡಿನೋವು!

ಚಿಕ್ಕಪ್ಪನ ಮಗಳಿಗಾಗಿ ಸಂತೇಬೆನ್ನೂರಿಗೆ ಹೋದಾಗ ಕಂಡ ಕೂಡಲೇ ಮುಖ ಕಿವುಚಿದರು. "ಹಾಡಹಗಲಲ್ಲಿ ಟ್ಯೂಬ್‌ಲೈಟು ಉರೀತೈತೆ. ಕಿಟಕಿ ತೆಗೆಯೋರೇ ಇಲ್ಲ. ಬ್ಯಾಡ."

"ಅತ್ತೆ, ಅದು ಮೆಕ್ಕೆಜೋಳದ ಗೋದಾಮು. ಮನೆ ಇರೋದು ಅದರ ಪಕ್ಕದಲ್ಲಿ" ಎಂದೆ.

ಅವರು ಸೋಲುವವರೇ? "ಗೋದಾಮಾದ್ರೇನು? ಅಲ್ಲಿಗೂ ಹೆಣ್ಣು ಕೊಡಬ್ಯಾಡ್ರಿ!"

ಈ ವರ್ಷ ನನ್ನ ಸರದಿ. ಚನ್ನಗಿರಿ, ಜಗಳೂರು ಎಂದು ಭಾನುವಾರಗಳೆಲ್ಲ ಬಸ್ಸಿನಲ್ಲೇ ಕಳೆದು, ಕೊನೆಗೆ ಬೇಡ ಎನ್ನುವುದಕ್ಕೂ ನನಗೆ ಸಾಕಾಗಿಹೋಗಿತ್ತು. ಹೊನ್ನಾಳಿಯವರು ಮದುವೆಯಾದ ಮೇಲೆ ಓದು ನಿಲ್ಲಿಸಬೇಕೆಂದು ಮೊದಲೇ ಹೇಳಿದ್ದರು. ಅಪ್ಪ ಒಪ್ಪುವ ಹಾಗಿದ್ದರು. ಹುಡುಗಿಯೂ ಬಂದು ಮನೆ ನೋಡಲಿ ಎಂಬ ಈ ವರ್ಷದ ಹೊಸ ಉದಾರತೆಯಿಂದ ಅಲ್ಲಿಗೂ ನನ್ನನ್ನು ಕರೆದೊಯ್ದರು. ನಾನು ಸುಮ್ಮನೆ ಹೋದೆ.

ಮನೆಯ ಮುಂಭಾಗವೆಲ್ಲ ಗಾಜು. ಸಂಜೆಬಿಸಿಲಿಗೆ ಕಣ್ಣು ಬಿಡಲಾಗದ ಹೊಳಪು. "ಹೆಂಗೈತಕ್ಕಾ! ಅರಮನೆ!" ಎನ್ನುತ್ತಾ ಅಪ್ಪ ಒಳಗೆ ಹೋದರು. ನಾನು ಅತ್ತೆಯ ಜೊತೆ ಬೀದಿಯ ತುದಿಯಲ್ಲೇ ಉಳಿದೆ. ಸೂರ್ಯ ಮುಳುಗಿದರೂ ಒಳಗಿನ ಮಾತು ಮುಗಿಯಲಿಲ್ಲ. ಪಡುವಣದಲ್ಲಿ ಶುಕ್ರ ಕಾಣಿಸಿತು.

"ಅದ್ಯಾವುದೇ, ಅಷ್ಟು ಹೊಳೀತೈತೆ? ಅಲ್ಲಿ ಬಾಳಬಹುದಾ?"

"ಶುಕ್ರ, ಅತ್ತೆ. ಆಗೋದಿಲ್ಲ. ಸುತ್ತಲೂ ದಟ್ಟ ಮೋಡ. ಬಿದ್ದ ಬೆಳಕಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತೆ, ಅದಕ್ಕೇ ಆ ಹೊಳಪು. ಒಳಗೆ ಸೀಸ ಕರಗುವಷ್ಟು ಬಿಸಿ."

ಅತ್ತೆ ಶುಕ್ರನಿಂದ ಆ ಗಾಜಿನ ಮನೆಯತ್ತ ಕಣ್ಣು ಹೊರಳಿಸಿದರು. ಆಮೇಲೆ, "ನನ್ನ ಗಂಡನ ಮನೇನೂ ಹಂಗೇ ಫಳಫಳ ಅಂತಿತ್ತು ಕಣೆ. ನಮ್ಮಪ್ಪ ರಸ್ತೇಲಿ ನಿಂತೇ ಒಪ್ಕೊಂಡ" ಎಂದರು. ಅತ್ತೆ ಎರಡೇ ವರ್ಷಕ್ಕೆ ತವರಿಗೆ ವಾಪಸಾದವರು. ಯಾಕೆಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

"ನೀ ಇಲ್ಲೇ ನಿಲ್ಲು" ಎಂದವರೇ ನೇರ ನಡೆದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಂದು ಗಳಿಗೆ ಚೌಕಟ್ಟು ಹಿಡಿದು ನಿಂತು, ಒಳಗೆ ಕಾಲಿಟ್ಟರು.

ಸ್ವಲ್ಪ ಹೊತ್ತಿಗೆ ಹೊರಬಂದರು. ಹಿಂದೆಯೇ ಅಪ್ಪ. "ಬ್ಯಾಡ ಅಂದ್ರೆ ಹೆಂಗಕ್ಕಾ? ಏನು ಕಂಡೆ?"

"ದೊಡ್ಡ ಸೊಸೆ ನೀರು ತಂದ್ಲು. ಲೋಟ ಹಿಡ್ಕೊಂಡು ಅವಳ ಅತ್ತೆ ಮುಖ ನೋಡಿದ್ಲು. ಆಕೆ ಹೂಂ ಅಂದ ಮ್ಯಾಲೇ ನನ್ನ ಕೈಗೆ ಕೊಟ್ಲು. ನೀರು ಕಣೋ ತಮ್ಮಾ, ನೀರು! ನಮ್ಮ ಹುಡುಗಿ ಓದ್ಲಿ."

ಅಪ್ಪ ಮತ್ತೆ ಒಳಗೆ ಹೋಗಿ, ಬೇಡವೆಂದು ಕೈಮುಗಿದು ಬಂದರು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ, ಮಂಡಿನೋವು ಎಂದು ಗೊಣಗಿದರು. ನಾನು ಅವರ ಕೈ ಹಿಡಿದುಕೊಂಡೆ. ನ್ಯಾಮತಿ ಬರುವವರೆಗೂ ಬಿಡಲಿಲ್ಲ.