ಬೀಗದ ಕಂಪನಿಯ ಆದೇಶದಂತೆ

ಮೊದಲು ಆ ಬಾಗಿಲು ಮುಂದೆ ಮಾಡು. ಈಗ ತಲೆ ಮುಟ್ಕೊಂಡು ಆಣೆ ಮಾಡು, ಯಾರಿಗೂ ಹೇಳಲ್ಲ ಅಂತ. ನನ್ನ ತಲೆ ಅಲ್ಲ ಕಣೇ, ಎಣ್ಣೆ ಹಚ್ಚಿದೀನಿ, ನಿನ್ನದೇ ಮುಟ್ಕೊ. ಹಾಂ. ವಿಷಯ ಏನಪ್ಪಾ ಅಂದ್ರೆ, ನಾನು ಹನ್ನೊಂದು ವರ್ಷದಿಂದ ಕಸ ಗುಡಿಸ್ತಿರೋ ಬೀಗದ ಕಂಪನೀನ ಈಗ ನಡೆಸ್ತಿರೋದು ನನ್ನ ಬಾಯಿ. ನಾನಲ್ಲ, ಬಾಯಿ ಮಾತ್ರ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅಂತ ನಗಬೇಡ, ಕೇಳು.

ಜನ ಬೀಗ ಕೊಳ್ಳೋದು ಬಿಟ್ರು. ಈಗ ಬಾಗಿಲ ಮೇಲೆ ನಂಬರ್ ಒತ್ತಿದ್ರೆ ಸಾಕು, ತೆರ್ಕೊಳ್ಳುತ್ತೆ. ಗೋಡೌನಲ್ಲಿ ಬೀಗದ ಪೆಟ್ಟಿಗೆ ಸೂರು ಮುಟ್ಟಿತು. ಕಾಲ ಬದಲಾಗಿದೆ, ನೀವೂ ಬದಲಾಗ್ರೀ ಅಂತ ಮಾಲೀಕರು ಫೋನಲ್ಲಿ ಕೂಗಿದ್ರಂತೆ. ನಮ್ಮ ಮ್ಯಾನೇಜರ್ ಗೊತ್ತಲ್ಲ, ನೋಡೋಣ ಸಾಹೇಬ್ರು. ಏನು ಕೇಳಿದ್ರೂ ‘ನೋಡೋಣ’ ಅಂತಾರೆ, ಅದಕ್ಕೇ ಆ ಹೆಸರು. ಮೆಟ್ಟಿಲ ಬಲ್ಬು ಹೋಗಿ ಎರಡು ವರ್ಷ ಆಯ್ತು, ಇನ್ನೂ ನೋಡ್ತಾನೇ ಇದಾರೆ, ಕತ್ತಲಲ್ಲಿ.

ಅವರು ಒಂದು ಯಂತ್ರ ತರಿಸಿದ್ರು. ಟಿಫಿನ್ ಡಬ್ಬಿಯಷ್ಟಿದೆ, ಮೇಲೊಂದು ಹಸಿರು ಕಣ್ಣು. ಆಫೀಸಲ್ಲಿ ಆಡೋ ಮಾತೆಲ್ಲ ಕೇಳಿಸ್ಕೊಂಡು, ಕಂಪನಿ ಹೇಗೆ ನಡೀಬೇಕು ಅಂತ ಕಲಿತು, ಸಾಹೇಬ್ರ ಬದಲು ಅದೇ ತೀರ್ಮಾನ ಮಾಡಿ ಸುತ್ತೋಲೆ ಬರೆಯುತ್ತೆ, ಕೇಳಿದ್ರೆ ಬಾಯಿಬಿಟ್ಟು ಉತ್ತರಾನೂ ಕೊಡುತ್ತೆ. ಅದನ್ನ ಟೈಪಿಸ್ಟ್ ಮೇಜಿನ ಮೇಲಿಟ್ರು. ಟೈಪಿಸ್ಟ್ ಅಂದ್ರೆ ನಿನ್ನ ನಾದಿನೀನೇ.

ಕಲಿಯೋಕೆ ಅಂತ ಒಂದು ತಿಂಗಳು ಬಿಟ್ರು. ಏನಾದ್ರೂ ಆಡಿದ್ರೆ ಡಬ್ಬಿ ತಪ್ಪು ಕಲಿತೀತು ಅಂತ ಎಲ್ಲರೂ ಬಾಯಿಗೆ ಬೀಗ ಹಾಕ್ಕೊಂಡ್ರು. ಬೀಗಕ್ಕೇನು ಬರಗಾಲ ನಮ್ಮಲ್ಲಿ. ಮಾತಾಡ್ತಿದ್ದೋಳು ನಾನೊಬ್ಬಳೇ. ನನ್ನ ಬಾಯಿ ನಿಂತ್ರೆ ಪೊರಕೇನೂ ನಿಲ್ಲುತ್ತೆ, ಏನು ಮಾಡ್ಲಿ.

ಮೊದಲನೇ ಸುತ್ತೋಲೆ ಬಂತು. ‘ಎಲ್ಲ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಯಾರಿಗೂ ಹೇಳಬೇಡಿ, ಶನಿವಾರ ಅರ್ಧ ದಿನವಂತೆ.’

ಅಯ್ಯೋ, ಅದು ನಾನು ಗುಡಿಸ್ತಾ ಆಡಿದ್ದ ಮಾತೇ. ಸಾಹೇಬ್ರು ಮಾತ್ರ ಎರಡು ಸಲ ಓದಿ, ಕನ್ನಡಕ ಒರೆಸ್ಕೊಂಡು, ಇದರಲ್ಲಿ ತಪ್ಪೇನಿದೆ ಅಂದ್ರು. ನಿಯಮದಂತೆ, ಆದೇಶದಂತೆ, ಮೇಲಿನವರ ಸೂಚನೆಯಂತೆ. ಆಫೀಸು ನಿಂತಿರೋದೇ ‘ಅಂತೆ’ ಮೇಲಂತೆ. ಆದೇಶ ಅಂದ್ರೆ ಸಹಿ ಬೇಕು, ‘ಅಂತೆ’ಗೆ ಸಹಿ ಬೇಡ. ಜೊತೆಗೆ, ಬೋರ್ಡಿಗೆ ಅಂಟಿಸಿದ್ದನ್ನ ಹಿಂದೆ ಒಬ್ಬರೂ ಓದ್ತಿರಲಿಲ್ಲ. ಈಗ ಅಂಟು ಆರೋದರೊಳಗೆ ಗೋಡೌನಿಗೂ ಗೊತ್ತು. ಆಮೇಲೆ ನಿಯಮಾನೂ ಬಂತು: ‘ಸುತ್ತೋಲೆಯನ್ನು ಗಟ್ಟಿಯಾಗಿ ಓದತಕ್ಕದ್ದಲ್ಲ, ಪಕ್ಕದವರ ಕಿವಿಯಲ್ಲಿ ಮಾತ್ರ ಓದತಕ್ಕದ್ದು.’ ಅವತ್ತಿಂದ ನಿನ್ನ ನಾದಿನಿಗೆ ಡಬ್ಬಿ ಪಕ್ಕದಲ್ಲೇ ದಿನವಿಡೀ ಪಿಸುಪಿಸು. ಮಾಲೀಕರು ಸಾಹೇಬ್ರಿಗೆ ‘ಹೊಸ ಕಾಲದ ನಾಯಕ’ ಅಂತ ಗಾಜಿನ ಫಲಕ ಕಳಿಸಿದ್ರು. ದಿನಾ ಅದರ ಧೂಳು ಒರೆಸೋಳು ನಾನೇ.

ಅಲ್ಲಿಗೆ ಸುಮ್ಮನಿರಬೇಕಿತ್ತು. ಮೊನ್ನೆ ನಂಗೆ ಕೊಬ್ಬು ಬಂತು ನೋಡು. ಡಬ್ಬಿ ಮುಂದೇನೇ ನಿಂತು ವಾಚ್‌ಮನ್ ಹತ್ರ, ಅಣ್ಣಾ, ನನ್ನ ಕೆಲಸದಿಂದ ತೆಗೀತಾರಂತೆ ಅಂದೆ. ಯಾರೂ ಹಾಗಂದಿರಲಿಲ್ಲ. ನೀನಿಲ್ದೆ ಈ ಆಫೀಸು ನಡೆಯುತ್ತಾ ತಾಯಿ ಅಂತಾನೇನೋ, ಒಂದು ಸಲ ಕಿವಿತುಂಬ ಕೇಳೋಣ ಅಂತ ಆಸೆ. ಅವನೇನಂದ ಗೊತ್ತಾ? ‘ಹೌದಾ? ಹಾಗಾದ್ರೆ ನಿನ್ನ ಸ್ಟೂಲು ನಂಗೆ ಕೊಟ್ಟುಬಿಡು.’

ಮಾರನೇ ಬೆಳಿಗ್ಗೆ ಸುತ್ತೋಲೆ. ‘ಗುಡಿಸುವಾಕೆಯನ್ನು ತೆಗೆದರಂತೆ.’

ಪೊರಕೆ ಹಿಡ್ಕೊಂಡೇ ಓಡಿದೆ. ‘ನನ್ನ ತೆಗೆದಿದೀರಾ ಸಾರ್?’

‘ತೆಗೆದಿದೀವಂತೆ ಕಣಮ್ಮ,’ ಅಂದ್ರು. ‘ನಂಗೂ ಈಗಲೇ ಗೊತ್ತಾಗಿದ್ದು. ತುಂಬ ಬೇಜಾರಾಯ್ತು.’

ಯಾರು ಹೇಳಿದ್ದು ಅಂತ ಡಬ್ಬೀನ ಕೇಳಿದ್ರು. ಅದು ನನ್ನದೇ ರಾಗದಲ್ಲಿ, ನಂಬಿಕಸ್ತರ ಸುದ್ದಿ, ಅವರ ಬಾಯಲ್ಲಿ ಸುಳ್ಳು ಬರಲ್ಲ ಅಂತು. ನನ್ನ ಬಗ್ಗೆ ನಾನು ದಿನಾ ಹೇಳ್ಕೊಳ್ಳೋ ಮಾತು ಅದು.

ಆ ನಂಬಿಕಸ್ತಳು ನಾನೇ ಸಾರ್, ಸುಳ್ಳು ಹೇಳಿದೆ ಅಂತ ಒಪ್ಕೊಂಡೆ. ಸಾಹೇಬ್ರು ಒಂದು ಸಲ ಫಲಕ ನೋಡಿದ್ರು, ಒಂದು ಸಲ ನನ್ನ ನೋಡಿದ್ರು.

‘ನೀನು ಸುಳ್ಳಿ ಅಂತಾದ್ರೆ ಇಲ್ಲಿವರೆಗಿನ ಸುತ್ತೋಲೆ ಎಲ್ಲ ಸುಳ್ಳಾಗುತ್ತಮ್ಮ. ನೀನು ನಿಜ ಹೇಳಿದೀಯ ಅಂತಿಟ್ಕೊಂಡು ಮನೆಗೆ ಹೋಗೋದೇ ಎಲ್ಲರಿಗೂ ಕ್ಷೇಮ.’

ವಾಪಸ್ ತಗೊಳ್ಳಿ ಅಂದ್ರೆ, ಡಬ್ಬಿ ಕಿವಿಗೆ ಬೇರೆ ಸುದ್ದಿ ಬೀಳಬೇಕಂತೆ. ಡಬ್ಬಿ ಹತ್ರ ಹೋಗ್ತೀನಿ ಅಂದ್ರೆ, ಹೊರಗಿನವರಿಗೆ ಪ್ರವೇಶ ಇಲ್ಲವಂತೆ. ಗೇಟಲ್ಲಿ ವಾಚ್‌ಮನ್ ನನ್ನ ಸ್ಟೂಲ್ ಮೇಲೆ ಕೂತ್ಕೊಂಡೇ ನನ್ನ ಆಚೆ ಕಳಿಸಿದ. ನಮ್ಮನೆಯವರು ಸೊಂಟ ಹಿಡ್ಕೊಂಡು ಮಲಗಿ ಆರು ತಿಂಗಳಾಯ್ತು, ಒಲೆ ಉರಿಯೋದು ಆ ಪೊರಕೆಯಿಂದಾನೇ. ಅವರಿಗೆ ಇನ್ನೂ ಹೇಳಿಲ್ಲ. ನೋಡು, ನಾನೂ ಒಂದು ಮಾತು ಮುಚ್ಚಿಟ್ಟಿದೀನಿ, ಜೀವನದಲ್ಲಿ ಮೊದಲನೇ ಸಲ.

ಅದಕ್ಕೇ ನಿನ್ನ ಹತ್ರ ಬಂದೆ, ಮನಸ್ಸು ಹಗುರ ಮಾಡ್ಕೊಳ್ಳೋಕೆ ಅಷ್ಟೇ. ಇನ್ನೊಂದು ವಿಷಯ ಇದೆ, ಇದಂತೂ ಪ್ರಾಣ ಹೋದ್ರೂ ಬಾಯಿಬಿಡಬಾರದು. ಗುಡಿಸೋಳನ್ನ ಸೋಮವಾರದಿಂದ ವಾಪಸ್ ತಗೊಂಡ್ರಂತೆ. ಕೂರೋಕೆ ಚಕ್ರದ ಕುರ್ಚೀನೂ ಕೊಟ್ರಂತೆ. ಯಾರು ಹೇಳಿದ್ರು ಅಂತೀಯಾ? ನಂಬಿಕಸ್ತರು.

ಶ್, ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನಿನ್ನ ನಾದಿನೀನೇ ಬಂದ್ಲು. ನಾನು ಹಿಂದಿನ ಬಾಗಿಲಿಂದ ಹೋಗ್ತೀನಿ. ಅವಳಿಗೆ ಮಾತ್ರ ಹೇಳಲೇಬೇಡ ಕಣೇ, ಆಣೆ ಮಾಡಿದೀಯ. ಸೋಮವಾರ. ಚಕ್ರದ್ದು, ಮರೀಬೇಡ, ಹಿಂದೆ ಒರಗೋಕೆ ಇರೋ...